ಕೊನೆಯ ಪಂಕ್ತಿ ಏಳುವತನಕ

ಕೊಪ್ಪಳದಲ್ಲಿ ನಮ್ಮ ಓಣಿಯ ಯಾವ ಮದುವೆಯೂ ಎದುರುಮನೆಯ ಕಾಕಾ ಇಲ್ಲದೆ ನಡೆಯುತ್ತಿರಲಿಲ್ಲ. ಹಂದರದ ಗಳದಿಂದ ಹಿಡಿದು ಬೀಗರ ಬಿಸಿನೀರಿನವರೆಗೆ ಎಲ್ಲ ಅವರದೇ ಪ್ಲಾನು. ಅಡಿಗೆಯವರ ಮುಂದೆ ನಿಂತು, ಒಂದು ಅಗುಳು ಹಿಚುಕಿ ನೋಡಿ, "ಗಡಿಬಿಡಿ ಬ್ಯಾಡ್ರಿ, ಎಲ್ಲಾ ಆಗ್ತೈತಿ" ಅನ್ನುತ್ತಿದ್ದರು. ಆ ಮಾತಿಗೆ ನಮ್ಮ ಅಪ್ಪನ ಟೆನ್ಷನ್ನೂ ಇಳಿಯುತ್ತಿತ್ತು.

ಅಕ್ಕನ ಮದುವೆಗೆಂದು ನಾನು ಕಾನ್ವೆಂಟಿನಿಂದ ಬಂದಿದ್ದೆ. ಅಕ್ಷತೆ ಬಿದ್ದು ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಕಾಕಾನ ಹೆಸರಿಗೆ ಟೆಲಿಗ್ರಾಮ್ ಬಂತು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಒಡೆದು ನೋಡಿದೆ. ರಾಯಚೂರಿನಲ್ಲಿ ಅವರ ತಾಯಿ ಎಕ್ಸ್‌ಪೈರ್ಡ್. ತಲೆ ಎತ್ತಿ ಕಾಕಾನ ಕಡೆ ನೋಡಿದೆ. ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು.

"ಓದಬ್ಯಾಡ ತಂಗಿ. ಕಿವಿಗೆ ಬಿದ್ರ ನನಗ ಸೂತಕ ಹತ್ತೈತಿ. ನಾ ಮುಟ್ಟಿದ ಅನ್ನ ಬೀಗರು ಉಣ್ಣಂಗಿಲ್ಲ."

"ಕಾಕಾ, ಅದು..."

"ಮಾರಿ ಹಂಗ ಮಾಡಬ್ಯಾಡ. ಹೋಗು, ಬೀಗತಿಗೆ ಹೋಳಿಗಿ ಬಡಸು."

ಬಡಿಸಿದೆ. ಏನು ಬಡಿಸಿದೆನೋ, ದೇವರೇ ಬಲ್ಲ! ಅವರು ಮಾತ್ರ ಪಂಕ್ತಿಯ ನಡುವೆ ಓಡಾಡುತ್ತ, ಬೀಗರ ಕಡೆಯ ಮುದುಕರಿಗೆ, "ಇನ್ನೊಂದು ತಗೋರಿ ಅಜ್ಜಾರ, ಅಜ್ಜಿ ಈ ಕಡಿ ನೋಡವಲ್ರು" ಎಂದು ತಮಾಷೆ ಮಾಡುತ್ತಿದ್ದರು. ಎಲ್ಲ ಪರ್ಫೆಕ್ಟ್ ಎಂದು ಊರೇ ಹೊಗಳಿತು.

ಕೊನೆಯ ಪಂಕ್ತಿ ಎದ್ದ ಮೇಲೆ ಕಾಕಾ ನನ್ನನ್ನು ಹಿತ್ತಲ ಬಾವಿಯ ಹತ್ತಿರ ಕರೆದರು. ಕಟ್ಟೆಯ ಮೇಲೆ ಸ್ನಾನಕ್ಕೆ ತುಂಬಿದ ಕೊಡ, ಒಣ ಧೋತರ. ಅಷ್ಟು ಗದ್ದಲದಲ್ಲಿ ಅದನ್ನೂ ಯಾವಾಗ ಅಣಿ ಮಾಡಿಕೊಂಡಿದ್ದರೋ! ಕೊಡ ಎತ್ತಿ ತಲೆಯ ಮೇಲೆ ಹಿಡಿದು ಕಣ್ಣು ಮುಚ್ಚಿದರು.

"ಈಗ ಓದು, ತಂಗಿ."