ಹಬೆಗಿಟ್ಟ ಕಲ್ಲು

ನಾನು ಓದು ನಿಲ್ಲಿಸಿದ್ದು ೧೯೩೬ರಲ್ಲಿ, ಮಿಡ್ಲ್ ಸ್ಕೂಲಿನ ಎರಡನೆಯ ವರ್ಷದ ನಡುವೆ. ಫೀಸಿಗೆ ಗತಿಯಿಲ್ಲದೆ ಬಿಟ್ಟನೆಂದು ಮಧುಗಿರಿಯಲ್ಲಿ ಈಗಲೂ ಹೇಳುವವರಿದ್ದಾರೆ. ಅದು ಸುಳ್ಳು. ನನ್ನನ್ನು ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಯಾಕೆಂದು ಕೇಳಿದವರಿಗೆ ಇದುವರೆಗೂ ಉತ್ತರ ಕೊಟ್ಟವನಲ್ಲ. ಆದರೆ ಕಾದದ್ದರ ಮೇಲೆ ನೀರು ಬಿದ್ದು ಚೊಂಯ್ ಎನ್ನುವ ಸದ್ದು ಎಲ್ಲಿಂದ ಬಂದರೂ, ಕಮ್ಮಾರನ ಕುಲುಮೆಯದಾಗಲಿ, ದೋಸೆಯ ಕಾವಲಿಯದಾಗಲಿ, ನನ್ನ ಕೈ ತಾನಾಗಿಯೇ ಮುಖ ಮುಚ್ಚಿಕೊಳ್ಳಲು ಏಳುತ್ತದೆ. ಅದರ ಹಿಂದೆಯೇ ಹುದುಗು ಬಂದ ಹಿಟ್ಟಿನ ಹುಳಿ ವಾಸನೆ, ಹುಣಸೆ ಸೌದೆಯ ಹೊಗೆ, ಅವ್ವನ ಸೆರಗಿಗೆ ಹತ್ತಿದ ಬೂದಿ, ಎಲ್ಲವೂ ಬಂದು ಎದುರಿಗೆ ಕೂರುತ್ತವೆ.

ನಮ್ಮ ಮನೆ ಬೆಟ್ಟದ ಬುಡದ ಬೀದಿಯಲ್ಲಿತ್ತು. ಅಪ್ಪ ಬೆಂಗಳೂರಿನ ದಂಡು ಪ್ರದೇಶದ ರೊಟ್ಟಿ ಅಂಗಡಿಯೊಂದರಲ್ಲಿ ಎಂಟು ವರ್ಷ ಹಿಟ್ಟು ನಾದಿ, ಎದೆ ಕೆಟ್ಟು ಊರಿಗೆ ಬಂದವನು. ಬಂದವನು ಹಿತ್ತಲಿನಲ್ಲಿ ಇಟ್ಟಿಗೆ, ಕೆಮ್ಮಣ್ಣು, ಬೆಲ್ಲದ ನೀರು ಕೂಡಿಸಿ, ಕವುಚಿ ಹಾಕಿದ ಗುಡಾಣದ ಹಾಗೆ ಒಂದು ಭಟ್ಟಿ ಕಟ್ಟಿದ. ಹಿಟ್ಟು ಉಬ್ಬಲು ಅವನು ಹಾಕುತ್ತಿದ್ದುದು ಈಚಲು ಹೆಂಡ. ಹೀಗಾಗಿ ಬೀದಿಯವರು ನಮ್ಮ ಮುಂಬಾಗಿಲಲ್ಲಿ ಬ್ರೆಡ್ಡು ಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದು, ಡಾಕ್ಟರು ಹಾಲು ಬ್ರೆಡ್ಡು ಕೊಡಿ ಎಂದಾಗ ಹಿತ್ತಲಿಗೆ ಬರುತ್ತಿದ್ದರು. ಪಕ್ಕದ ಮನೆಯ ಸಿದ್ದಮ್ಮ ಸೆರಗಿನಡಿ ಮುಚ್ಚಿಕೊಂಡು, “ಮಗೀಗೆ ಕಣಮ್ಮ, ನಾನು ಮೂಸೂ ನೋಡಕಿಲ್ಲ,” ಅನ್ನುತ್ತಿದ್ದಳು. “ಮೂಸದಿದ್ರೆ ಬುಡು. ಗದ್ದದ ಮ್ಯಾಲೆ ಪುಡಿ ಐತೆ, ಒರೆಸ್ಕೊಂಡು ಹೋಗು,” ಎಂದು ಅವ್ವ ತಲೆಯೆತ್ತದೆ ಹೇಳುತ್ತಿದ್ದಳು.

ಮೊದಮೊದಲು ಅಪ್ಪನ ಬ್ರೆಡ್ಡು ಬೇಯುವ ಮುಂಚೆಯೇ ಮೈ ಒಣಗಿ, ಅಡ್ಡಾದಿಡ್ಡಿ ಬಿರಿದು, ಬೂದಿ ಬಳಿದಂತೆ ಹೊರಬರುತ್ತಿತ್ತು. ದಂಡಿನ ದೊಡ್ಡ ಭಟ್ಟಿಯಲ್ಲಿ ನೂರಾರು ಬ್ರೆಡ್ಡು ಒಟ್ಟಿಗೆ ಬೆಂದು, ಅವುಗಳ ಹಸಿಯೇ ಹಬೆಯಾಗುತ್ತಿತ್ತು. ನಮ್ಮ ಹನ್ನೆರಡು ಬ್ರೆಡ್ಡಿನಿಂದ ಅಷ್ಟು ಹಬೆ ಎಲ್ಲಿ ಬರಬೇಕು? ಅಪ್ಪ ತಲೆ ಮೇಲೆ ಕೈ ಹೊತ್ತು ಕುಳಿತಾಗ ದಾರಿ ಕಂಡವಳು ಅವ್ವ. ಅವಳು ಪಾವಗಡದ ಕಡೆಯವಳು, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. “ಕಡುಬಿಗೆ ಹಬೆ ಬೇಕು, ಇದ್ಕೆ ಬ್ಯಾಡ್ವಾ?” ಎಂದವಳೇ ಕಬ್ಬಿಣದ ಬಾಣಲೆಗೆ ಕರಿಕಲ್ಲು ತುಂಬಿ, ಉರಿಯ ಜೊತೆಗೇ ಭಟ್ಟಿಯ ಮೂಲೆಯಲ್ಲಿ ಕಾಯಲಿಟ್ಟಳು. ಕೆಂಡ ಎಳೆದು, ಬ್ರೆಡ್ಡು ಒಳಗಿಟ್ಟು, ಕಲ್ಲಿನ ಮೇಲೆ ಒಂದು ಚೊಂಬು ನೀರು ಎರಚಿ, ಬಾಯಿಗೆ ಹಲಗೆ ಕೊಟ್ಟು, ಸಂದಿಗೆಲ್ಲ ಒದ್ದೆ ಗೋಣಿ ತುರುಕಿದಳು. ಅಂದು ಹೊರಬಂದ ಬ್ರೆಡ್ಡು ಎಣ್ಣೆ ಸ್ನಾನ ಮಾಡಿದ ಮಗುವಿನ ಹಾಗೆ ಹೊಳೆಯುತ್ತಿತ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ.

ಕಲ್ಲಿನ ವಿಷಯದಲ್ಲಿ ಮಾತ್ರ ಅವ್ವನದು ಕಟ್ಟುನಿಟ್ಟು. ನೀರು ಕುಡಿದ ಕಲ್ಲು ಬೆಂಕಿಯಲ್ಲಿ ಸಿಡಿಯುತ್ತದೆ. ಅದಕ್ಕೆ ಬೆಟ್ಟದಿಂದ ತಂದ ಕಲ್ಲುಗಳನ್ನು ಹಿತ್ತಲಾಚೆಯ ಮೋಟುಗೋಡೆಯ ಮೇಲೆ ಸಾಲಾಗಿ ಇಟ್ಟು, ಒಂದಿಡೀ ಬೇಸಿಗೆ ಬಿಸಿಲು ಕುಡಿಸಿದ ಮೇಲೆಯೇ ಭಟ್ಟಿಗೆ ಹಾಕುತ್ತಿದ್ದಳು.

ಆ ದಿನ ಮಧ್ಯಾಹ್ನ, ಕೆಟ್ಟ ಬಿಸಿಲು. ಅಪ್ಪ ಒಳಗೆ ಕೆಮ್ಮುತ್ತ ಮಲಗಿದ್ದ. ಉರಿ ಅರ್ಧ ಇಳಿದಿತ್ತು, ಬಾಣಲೆಯಲ್ಲಿ ಒಂದು ಹಳೆಯ ಕಲ್ಲು ಹೋಳಾಗಿತ್ತು. “ಗೋಡೆ ಮ್ಯಾಲಿಂದ ಒಂದು ತಗಂಬಾ ನಾಯನಾ,” ಎಂದಳು ಅವ್ವ. ನಾನು ಜಗಲಿಯ ಮೇಲೆ ಲೆಕ್ಕದ ಪುಸ್ತಕ ಹಿಡಿದಿದ್ದೆ. ಕ್ಲಾಸಿಗೆ ಮೊದಲಿಗನೆಂಬ ಜಂಬ ನನಗೆ. ಓದುವವನು ಕಲ್ಲು ಹೊರುವುದೇ ಎಂಬ ಉರಿ ಒಂದು ಕಡೆ, ಬರಿಗಾಲಲ್ಲಿ ಕಾದ ನೆಲ ತುಳಿಯಬೇಕಲ್ಲ ಎಂಬ ಸೋಮಾರಿತನ ಒಂದು ಕಡೆ. ಬಾವಿಕಟ್ಟೆ ನಾಲ್ಕೇ ಹೆಜ್ಜೆ ದೂರದಲ್ಲಿತ್ತು, ನೆರಳಿತ್ತು. ಕೊಡ ಉರುಳದಂತೆ ಆನಿಸುತ್ತಿದ್ದ, ಸದಾ ನೀರಲ್ಲಿ ನೆನೆಯುವ ಕಲ್ಲೊಂದು ಅಲ್ಲಿತ್ತು. ಎತ್ತಿ, ಅಂಗಿಯಲ್ಲಿ ಚೆನ್ನಾಗಿ ಒರೆಸಿ, ತಂದು ಅವಳ ಕೈಗಿಟ್ಟೆ. ಅವಳು ಕಲ್ಲನ್ನು ಹಿಡಿದುಕೊಂಡು ಒಂದು ಗಳಿಗೆ ನನ್ನ ಮುಖ ನೋಡಿದಳು.

“ಗೋಡೆ ಮ್ಯಾಲಿಂದೇ ಏನಪ್ಪಾ?”

“ಹೂಂ,” ಅಂದೆ.

ಅವಳು ಅದನ್ನು ಸಲಿಕೆಯಲ್ಲಿ ಬಾಣಲೆಗೆ ಜಾರಿಸಿದಳು. ನಾನು ಲೆಕ್ಕಕ್ಕೆ ಮರಳಿದೆ. ಸ್ವಲ್ಪ ಹೊತ್ತಿಗೆ ಅವಳು ಕೆಂಡ ಎಳೆಯಲು ಭಟ್ಟಿಯ ಬಾಯಿಗೆ ಬಗ್ಗಿದಳು. ಗರ್ನಾಲು ಹೊಡೆದಂತೆ ಒಂದೇ ಸದ್ದು. ಅವಳು ಕೂಗಲಿಲ್ಲ. ಎರಡು ಕೈಯಲ್ಲೂ ಮುಖ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕುಳಿತಳು. ಬೆರಳ ಸಂದಿಯಿಂದ ರಕ್ತ ಇಳಿದು ಬೂದಿಗೆ ಬೀಳುತ್ತಿತ್ತು. ಬಲಗಣ್ಣು ಆಸ್ಪತ್ರೆಗೆ ಹೋಗುವ ಮುಂಚೆಯೇ ಹೋಗಿತ್ತು. ಎಡಗಣ್ಣು ಮೂರು ತಿಂಗಳು ಮಂಜಾಗುತ್ತ ಮಂಜಾಗುತ್ತ ಆರಿತು.

ಮರುವಾರದಿಂದ ನಾನು ಸ್ಕೂಲಿಗೆ ಹೋಗಲಿಲ್ಲ. ಮೇಷ್ಟರು ಮನೆಗೇ ಬಂದು, “ಲೇ, ತಲೆ ಇರೋನು ನೀನು, ಮಣ್ಣು ಮಾಡ್ಕಬ್ಯಾಡ,” ಎಂದರು. ನಾನು ಹಿಟ್ಟಿನ ತೊಟ್ಟಿಯಿಂದ ಕೈ ತೆಗೆಯಲಿಲ್ಲ. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ. ಭಟ್ಟಿ ನಾನು ನಿಲ್ಲಿಸಲಿಲ್ಲ. ಅವ್ವ ಪಕ್ಕದಲ್ಲಿ ಕುಳಿತು, ಬಾಣಲೆಗೆ ಹೋಗುವ ಒಂದೊಂದು ಹೊಸ ಕಲ್ಲನ್ನೂ ಕೆನ್ನೆಗೆ ಒತ್ತಿ ನೋಡಿಯೇ ಕೊಡುತ್ತಿದ್ದಳು. ಚೊಂಯ್ ಎಂಬ ಸದ್ದು ಕೇಳಿಯೇ, “ಇನ್ನೊಂದ್ ಹಿಡಿ ನೀರು,” ಅನ್ನುತ್ತಿದ್ದಳು. ಹನ್ನೊಂದು ವರ್ಷ ಹಾಗೆ ಕಳೆದೆವು. ಸ್ಕೂಲು ಬಿಟ್ಟದ್ದೇಕೆಂದು ಅವಳು ಕೇಳಲಿಲ್ಲ. ಕಲ್ಲಿನ ಮಾತು ನಾನೂ ಎತ್ತಲಿಲ್ಲ. ದಿನಾ ನಾಲಿಗೆಯ ತುದಿಗೆ ಬರುತ್ತಿತ್ತು, ದಿನಾ ನುಂಗುತ್ತಿದ್ದೆ.

ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಾಗ ತಡೆಯಲಾರದೆ, “ಅವ್ವಾ, ಅದು ಬಾವಿಕಟ್ಟೆ ಕಲ್ಲು,” ಎಂದುಬಿಟ್ಟೆ. ಅವಳು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು.

“ಗೊತ್ತು ನಾಯನಾ. ಅಂಥ ಬಿಸಿಲಾಗೆ ಗೋಡೆ ಮ್ಯಾಲಿನ ಕಲ್ಲು ತಣ್ಣಗಿರ್ತದಾ? ಕೈಗಿಟ್ಟಾಗ್ಲೇ ತಿಳೀತು.”

“ಮತ್ತೆ ಯಾಕವ್ವಾ ಹಾಕ್ದೆ?”

“ನೀನು ಹೂಂ ಅಂದ್ಯಲ್ಲ,” ಎಂದಳು.

ಆ ಮನೆ ಈಗಿಲ್ಲ. ಗೋಡೆಗಳು ಒಂದೊಂದಾಗಿ ಕೂತವು, ಬಾವಿಯನ್ನು ಮುಚ್ಚಿಸಿದೆ. ಯಾರ ಮುಂದೆಯೂ ಕೈ ಚಾಚದೆ ದುಡಿದು ಬದುಕಿದ್ದೇನೆ. ಈಗ ನನ್ನ ಹತ್ತಿರ ಇರುವುದು ಒಂದು ಭಟ್ಟಿ, ಒಂದು ಬಾಣಲೆ, ಬಿಸಿಲು ಕುಡಿದ ಒಂಬತ್ತು ಕಲ್ಲು, ಎರಡು ಕಣ್ಣು.