ಭರ್ತಿಯಾದ ಖಾಲಿ ಹೋಂಸ್ಟೇ

ಕೊರೋನಾ ಮುಗಿದ ಮೇಲೆ ಪ್ರವಾಸಿಗರು ಎಷ್ಟರಮಟ್ಟಿಗೆ ವಾಪಸ್ ಬಂದಿದ್ದಾರೆ ಅಂತ ತಿಳಿಯುವ ಕೆಲಸದ ಮೇಲೆ ತಮಿಳುನಾಡಿನ ಬೆಟ್ಟದೂರು ವಾಲ್ಪಾರೈಯ ಹೋಂಸ್ಟೇಗಳನ್ನು ಸುತ್ತುತ್ತಿದ್ದೆ. ಒಂದು ಮನೆಯಲ್ಲಿ ಪ್ರತಿ ರೂಮಿನ ಮುಂದೆಯೂ ಚಪ್ಪಲಿಗಳ ರಾಶಿ. ಯಜಮಾನಿಯನ್ನು ತಮಿಳಿನಲ್ಲಿ ಕೇಳಿದೆ, ‘ಗೆಸ್ಟುಗಳು ಚೆನ್ನಾಗಿ ಬರ್ತಿದಾರಾ ಅಕ್ಕಾ?’

‘ಒಬ್ಬರೂ ಇಲ್ಲ.’

‘ಮತ್ತೆ ಈ ಚಪ್ಪಲಿ?’

‘ಅದು ನಾದಿನಿ ಮನೆಯವರದು. ಆ ಕಡೆ, ಕೆಳಗಿನ ನೆಗಮಂ ಊರಿನ ಚಿಕ್ಕಪ್ಪನ ಸಂಸಾರ. ಮುಂಚೆ ಕರೆದರೂ ಘಾಟಿ ಹತ್ತದವರು, ಈಗ ಕೊರೋನಾ ಕಂಡ ಮೇಲೆ, ಬದುಕಿರುವಾಗಲೇ ಒಬ್ಬರನ್ನೊಬ್ಬರು ನೋಡಿಬಿಡೋಣ ಅಂತ ವಾರವಾರ ಬರ್ತಾರೆ. ನೆಂಟರ ಹತ್ತಿರ ಬಾಡಿಗೆ ಕೇಳೋಕಾಗುತ್ತಾ? ಹೀಗೇ ಆದರೆ ಬೋರ್ಡು ಇಳಿಸಬೇಕಾಗುತ್ತೆ.’

ನನ್ನ ಫೋನಿನ ಸರ್ವೆ ಫಾರಂನಲ್ಲಿ ಇದ್ದದ್ದು ಎರಡೇ ಉತ್ತರ: ಭರ್ತಿ, ಖಾಲಿ. ಯಾವುದನ್ನು ಒತ್ತಲಿ? ಪಾಪ ಅನ್ನಿಸಿ, ‘ಇವತ್ತು ನಾನೇ ಬಾಡಿಗೆ ಕೊಟ್ಟು ಉಳಿಯುತ್ತೇನೆ’ ಅಂದೆ. ಅವರ ಮುಖ ಅರಳಿತು. ಚಿಕ್ಕಪ್ಪನ ರೂಮು ಬಿಡಿಸಲು ಹೊರಟೇಬಿಟ್ಟರು.

ಅಷ್ಟರಲ್ಲಿ ನನ್ನ ಅಮ್ಮನ ಫೋನು ಬಂತು. ‘ಊಟ ಆಮೇಲೆ ಮಾಡ್ತೀನಮ್ಮಾ’ ಅಂದದ್ದೇ ತಪ್ಪಾಯಿತು.

‘ಅಯ್ಯೋ, ಕನ್ನಡದವರಾ! ನಮ್ಮ ಮನೆಮಾತೂ ಕನ್ನಡವೇ. ಮೊದಲೇ ಹೇಳಬಾರದಾ ತಂಬಿ?’ ಅಂತ ಅವರೂ ಕನ್ನಡಕ್ಕೆ ಇಳಿದರು. ಯಾವೂರು, ಯಾರ ಮನೆ ಅಂತ ವಿಚಾರಿಸಿ, ನನ್ನ ಸೋದರತ್ತೆಯನ್ನು ಕೊಟ್ಟ ಉಡುಮಲೈಪೇಟೆ ಮನೆಯ ಕಡೆಯಿಂದ, ಕಾಫಿ ಆಗುವುದರೊಳಗೆ ಸಂಬಂಧ ಹುಡುಕಿಬಿಟ್ಟರು.

ಚಿಕ್ಕಪ್ಪ ರೂಮಿನಲ್ಲೇ ಉಳಿದರು. ಹಾಲ್‌ನಲ್ಲಿ ನಾದಿನಿಯ ಮಕ್ಕಳ ನಡುವೆ ನನಗೊಂದು ಚಾಪೆ ಬಿತ್ತು. ಬಾಡಿಗೆ ಅಂತ ಬಾಯಿ ತೆರೆದದ್ದಕ್ಕೆ ಬೈಸಿಕೊಂಡೆ. ಕೊನೆಗೆ ಚಾಪೆಯ ಮೇಲೆ ಕೂತು ‘ಖಾಲಿ’ ಅಂತ ಒತ್ತಿದೆ. ಕಾಲು ಚಾಚಲು ಜಾಗ ಇರಲಿಲ್ಲ.