ತಾರಸಿಯ ಮೇಲಿನ ಅರ್ಧ ಕೂಗು

ಮೊನ್ನೆ ಶನಿವಾರ ಶಾವಿಗೆ ಬಿರಿಯಾನಿ ಮಾಡೋಣವೆಂದು ಅಡುಗೆಯ ಹಳೆಯ ನೋಟ್‌ಬುಕ್ ತೆಗೆದೆ. ತೆರೆದ ಕೂಡಲೇ ಎಣ್ಣೆ ಹೀರಿದ ಕಾಗದದ ವಾಸನೆ, ಅದರೊಳಗೆಲ್ಲೋ ಏಲಕ್ಕಿ. ಹಿಂದೆಯೇ ಒಂದು ಚೀಟಿ ಜಾರಿ ನೆಲಕ್ಕೆ ಬಿತ್ತು. ಅಂಗೈಯಷ್ಟಿನ ಚೀಟಿ. ಒಂದು ಮಗ್ಗುಲಲ್ಲಿ ನನ್ನ ಕೈಬರಹದಲ್ಲಿ ಇಂಗ್ಲೆಂಡಿನ ಕೆಲವು ಊರುಗಳ ಹೆಸರುಗಳಿವೆ. ಆ ಊರುಗಳನ್ನು ಆಗಲೂ ನೋಡಿರಲಿಲ್ಲ, ಈಗಲೂ ನೋಡಿಲ್ಲ. ಇನ್ನೊಂದು ಮಗ್ಗುಲಲ್ಲಿ ಬೇರೆಯವರ ಕೈಬರಹ, ಬಲಕ್ಕೆ ವಾಲಿದ ಕನ್ನಡ ಅಕ್ಷರ: 'ಶಾವಿಗೆ ತುಪ್ಪದಲ್ಲಿ ಹುರಿಯಬೇಕು. ಕೆಂಪಾಗುವ ಮೊದಲೇ ಇಳಿಸಬೇಕು. ಮಾತಾಡುತ್ತ ನಿಂತರೆ ಸೀಯುತ್ತದೆ.'

ಕೊನೆಯ ಸಾಲು ನನಗೆಂದೇ ಬರೆದದ್ದು. ಬರೆದವಳು ಭಟ್ಕಳದ ಜೊಹ್ರಾ. ಚೀಟಿ ಮಾತ್ರ ಲಂಡನ್ನಿನ ಒಂದು ಬೆಟ್ಟಿಂಗ್ ಅಂಗಡಿಯದು. ಪ್ರತಿ ಭಾನುವಾರ ಚರ್ಚಿನ ಪೂಜೆಗೆ ಹೋಗುವ ಹೆಂಗಸು ಜೂಜಿನ ಅಂಗಡಿಗೆ ಯಾಕೆ ಹೋದಳು ಎಂದು ನೀವು ಕೇಳುವ ಮೊದಲು ಮಲಾಜ್‌ನ ತಾರಸಿಯ ವಿಷಯ ಹೇಳಬೇಕು.

ಎಂಬತ್ತರ ದಶಕದ ನಡುವಿನ ವರ್ಷಗಳು. ರಿಯಾದಿನ ಮಲಾಜ್‌ನಲ್ಲಿ ಮೂರು ಅಂತಸ್ತಿನ ಒಂದು ಕಟ್ಟಡ. ನಡುವಿನದ್ದರಲ್ಲಿ ನಾವು, ಮೇಲಿನದ್ದರಲ್ಲಿ ಜೊಹ್ರಾಳ ಸಂಸಾರ. ನನ್ನ ಗಂಡ ಒಂದು ಕಂಪನಿಯಲ್ಲಿ ಗುಮಾಸ್ತರು, ಅವಳ ಗಂಡನಿಗೆ ಬತ್ಹಾ ಪೇಟೆಯಲ್ಲಿ ಬಟ್ಟೆ ಅಂಗಡಿ. ನನ್ನ ಮನೆಮಾತು ಕೊಂಕಣಿ, ಅವಳದು ನವಾಯತಿ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಮದುವೆಗೆ ಮೊದಲು ಉಡುಪಿಯ ಹತ್ತಿರ ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೆನೆಂದು ತಿಳಿದ ದಿನದಿಂದ ನಾನು ಅವಳ ಬಾಯಲ್ಲಿ 'ಟೀಚರ್'. ಅವಳು ಓದಿದ್ದು ಏಳನೆಯವರೆಗೆ, ಕನ್ನಡ ಶಾಲೆಯಲ್ಲಿ. ಕಿವಿ ಮಾತ್ರ ಡಾಕ್ಟರೇಟ್ ಮಾಡಿತ್ತು.

ತಾರಸಿಯ ಸುತ್ತ ಆಳಿಗಿಂತ ಎತ್ತರದ ಗೋಡೆ. ಒಳಗಿನ ಹೆಂಗಸರು ಹೊರಗೆ ಕಾಣಬಾರದೆಂದು ಕಟ್ಟಿದ್ದು. ಹೊರಗಿನದ್ದೂ ನಮಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಆಕಾಶ, ಬಟ್ಟೆ ಹಗ್ಗ, ನೀರಿನ ಟ್ಯಾಂಕು. ಆ ಗೋಡೆ ನನ್ನ ನೆನಪಿನಲ್ಲಿ ಅಚ್ಚ ಬಿಳಿ. ಇದ್ದ ಒಂದೇ ಫೋಟೋದಲ್ಲಿ ಅದು ಮಣ್ಣಿನ ಬಣ್ಣ. ಮುಂದೆ ಹೇಳುವುದನ್ನೂ ನೀವು ಇದೇ ಅನುಮಾನ ಇಟ್ಟುಕೊಂಡು ಕೇಳಿ.

ಗೋಡೆಯಾಚೆ, ಕೆಲವು ಬೀದಿಗಳ ದೂರದಲ್ಲಿ, ಫುಟ್‌ಬಾಲ್ ಕ್ರೀಡಾಂಗಣ. ಅಲ್ಲಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಆದರೆ ಪಂದ್ಯದ ದಿನ ಸಂಜೆಯ ಬಿಸಿಲಿನಲ್ಲಿ ಅದರ ಸದ್ದು ನೇರ ನಮ್ಮ ತಾರಸಿಗೆ ಬರುತ್ತಿತ್ತು. ರಿಯಾದಿನಲ್ಲಿ ಬಟ್ಟೆ ಹತ್ತು ನಿಮಿಷಕ್ಕೆ ಒಣಗುತ್ತದೆ. ಪಂದ್ಯದ ದಿನ ನಾವಿಬ್ಬರೂ ಎರಡು ಗಂಟೆ ಒಣಗಿಸುತ್ತಿದ್ದೆವು.

ಮೊದಮೊದಲು ನನಗೆ ಅದು ಬರೀ ಗದ್ದಲ. ಜೊಹ್ರಾ ಒಂದೊಂದೇ ಬಿಡಿಸಿ ತೋರಿಸಿದಳು. "ಇದು ಕೇಳಿ, ಮೇಲೆ ಮೇಲೆ ಹೋಗಿ ದೊಪ್ಪ ಬಿತ್ತಲ್ಲ, ಬಾಲ್ ಹೊರಗೆ ಹೋಯ್ತು. ಈಗ ಚಪ್ಪಾಳೆ ಮಾತ್ರ. ಕಾರ್ನರ್." ಯಾವತ್ತೂ ಪಂದ್ಯ ಕಂಡವಳಲ್ಲ. ಟೀವಿಯಲ್ಲಿ ತುಣುಕು ನೋಡಿ ಹೆಸರುಗಳನ್ನು ಕಲಿತಿದ್ದಳು, ಉಳಿದದ್ದೆಲ್ಲ ಕಿವಿಯ ಸಂಪಾದನೆ. ಗೋಲಿನ ಸದ್ದು ಬೇರೆಯೇ: ಅದು ಏರುವುದಿಲ್ಲ, ಒಡೆಯುತ್ತದೆ. ಮರುದಿನ ನನ್ನ ಗಂಡ ಆಫೀಸಿನಿಂದ ತರುವ ಇಂಗ್ಲಿಷ್ ಪತ್ರಿಕೆಯಲ್ಲಿ ನಮ್ಮ ಲೆಕ್ಕವನ್ನು ತಾಳೆ ನೋಡುತ್ತಿದ್ದೆವು.

ತೊಂದರೆ ಅಲ್ಲಿ. ಜೊಹ್ರಾಳ ಗೋಲುಗಳು ಆಗಾಗ ಪತ್ರಿಕೆಯದಕ್ಕಿಂತ ಒಂದು ಹೆಚ್ಚು. ಅವಳ ಕಿವಿ ತಪ್ಪಿತೆಂದು ನಾನು ಹೇಳಲಾರೆ, ನನಗೂ ಆ ಸದ್ದು ಕೇಳಿಸಿತ್ತು. ಗೋಲಿನ ಹಾಗೆಯೇ ಒಡೆಯುವ ಕೂಗು, ಆದರೆ ಯಾರೋ ಬಾಯಿಗೆ ಕೈ ಇಟ್ಟ ಹಾಗೆ ನಡುವೆಯೇ ನಿಂತುಬಿಡುವುದು. ನಾವು ಅದಕ್ಕೆ ಅರ್ಧ ಕೂಗು ಎಂದು ಹೆಸರಿಟ್ಟೆವು.

"ಗೋಲು ಆಗಿದೆ. ರೆಫ್ರಿ ರದ್ದು ಮಾಡಿದ," ಎಂದಳು ಜೊಹ್ರಾ.

"ಆಗಿಯೇ ಇಲ್ಲ. ಬಾಲ್ ಬಲೆಯ ಹೊರಮಗ್ಗುಲಿಗೆ ತಾಗಿದೆ. ದೂರ ಕೂತವರಿಗೆ ಒಳಗೆ ಹೋದ ಹಾಗೆ ಕಂಡಿದೆ," ಎಂದೆ ನಾನು. ಎಲ್ಲಿಂದ ಹೊಳೆಯಿತೋ.

"ನೀವು ಕಂಡಿದ್ದೀರಾ?"

"ನೀನು ಕಂಡಿದ್ದೀಯಾ?"

ಕಂಡವರು ಮನೆಯಲ್ಲೇ ಒಬ್ಬರಿದ್ದರು. ನನ್ನ ಗಂಡ ಗೆಳೆಯರೊಂದಿಗೆ ಕ್ರೀಡಾಂಗಣಕ್ಕೆ ಹೋಗುತ್ತಿದ್ದರು. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ: ಎರಡನೇ ಅರ್ಧದಲ್ಲಿ ಒಂದು ಕೂಗು ಎದ್ದು ನಿಂತಿತಲ್ಲ, ಅದು ಏನು? ಅವರು ಚಪ್ಪಲಿ ಬಿಚ್ಚುತ್ತಾ, "ಯಾವ ಕೂಗು? ಎಲ್ಲರೂ ಕೂಗ್ತಾರೆ ಮಾರಾಯ್ತಿ, ಅದು ಫುಟ್‌ಬಾಲು," ಎಂದರು. ಮೆಟ್ಟಿಲ ಮೇಲಿಂದ ಜೊಹ್ರಾ ನಕ್ಕದ್ದು ಕೇಳಿಸಿತು. ಎರಡು ಕಣ್ಣಿದ್ದ ಮನುಷ್ಯ ನಮ್ಮ ಮುಂದೆ ಸಾಕ್ಷಿಗೂ ಬರಲಿಲ್ಲ.

ಆಗ ಪಣ ಕಟ್ಟಿದೆವು. ಪಣ ಎಂಬ ಮಾತು ಜೊಹ್ರಾಗೆ ಆಗದು, ಹರಾಂ. "ಹಣ ಇಲ್ಲ. ಸೋತವರು ಒಂದು ಅಡುಗೆ ಕಲಿಸಬೇಕು. ಅಡುಗೆ ಕಲಿಸುವುದು ಜೂಜಾಗ್ತದಾ?" ಅವಳ ಶಾವಿಗೆ ಬಿರಿಯಾನಿಯನ್ನು ನಾನು ಎರಡು ವರ್ಷದಿಂದ ತಿನ್ನುತ್ತಿದ್ದೆ, ಹೇಗೆಂದು ಅವಳು ಬಾಯಿ ಬಿಟ್ಟಿರಲಿಲ್ಲ. ನನ್ನ ಹತ್ತಿರವೂ ಒಂದು ಗುಟ್ಟಿತ್ತು. ಹಬೆಯಲ್ಲಿ ಬೇಯುವ ನಮ್ಮ ಸಾನ್ನಕ್ಕೆ ಊರಿನಲ್ಲಿ ಕಳ್ಳು ಹಾಕಿ ಉಬ್ಬಿಸುತ್ತಾರೆ. ಕಳ್ಳಿನ ಹೆಸರೆತ್ತುವ ಹಾಗಿಲ್ಲದ ದೇಶದಲ್ಲಿ ಅದನ್ನು ಹತ್ತಿಯಂತೆ ಉಬ್ಬಿಸಲು ನನಗೆ ತಿಳಿದಿತ್ತು. ಅದನ್ನು ನಾನೂ ಯಾರಿಗೂ ಹೇಳಿರಲಿಲ್ಲ.

ಆ ಚಳಿಗಾಲ ನಾವು ಹತ್ತು ದಿನ ಲಂಡನ್ನಿಗೆ ಹೊರಟೆವು. ಗಂಡನ ಚಿಕ್ಕಪ್ಪನ ಮಗ ವಿಲ್ಲಿ ಅಲ್ಲಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಅದೇ ವಾರ ಜೊಹ್ರಾಳ ಗಂಡ ಹಫ್ರ್ ಅಲ್ ಬಾತಿನ್ ಎಂಬ ದೂರದ ಮರುಭೂಮಿಯ ಊರಿನಲ್ಲಿ ಹೊಸ ಅಂಗಡಿ ನೋಡಿ ಬಂದರು. ನಾನು ಮರಳುವ ಹೊತ್ತಿಗೆ ಅವಳು ಗಂಟುಮೂಟೆ ಕಟ್ಟುತ್ತಿರುತ್ತಾಳೆ.

"ಅಲ್ಲಿ ಸ್ಟೇಡಿಯಂ ಉಂಟಾ?" ಎಂದು ಕೇಳಿದೆ.

"ಅಲ್ಲಿ ಮರಳು ಉಂಟು," ಎಂದಳು. ಆಮೇಲೆ, "ಟೀಚರೇ, ಅಲ್ಲಿ ಹೆಂಗಸರನ್ನು ಒಳಗೆ ಬಿಡ್ತಾರಂತೆ. ಬಕಿಂಗ್‌ಹ್ಯಾಮ್ ಅರಮನೆ ಬೇಡ, ಎಂತದೂ ಬೇಡ. ಒಂದು ಪಂದ್ಯ ನೋಡಿ ಬನ್ನಿ. ನಾನು ಹೋಗುವ ಮೊದಲು ಅದು ಎಂತ ಅಂತ ಹೇಳಿ."

ಶನಿವಾರ ಮಧ್ಯಾಹ್ನದ ಪಂದ್ಯಕ್ಕೆ ವಿಲ್ಲಿ ಟಿಕೆಟ್ ತೆಗೆದಿದ್ದ. ದಾರಿಯಲ್ಲಿ, "ಬಾ ಅತ್ತಿಗೆ, ಇಲ್ಲಿಯವರು ಪಂದ್ಯಕ್ಕೆ ಮೊದಲು ಎಲ್ಲಿ ಹೋಗ್ತಾರೆ ತೋರಿಸ್ತೇನೆ," ಎಂದು ಬೀದಿ ಬದಿಯ ಒಂದು ಅಂಗಡಿಗೆ ಕರೆದೊಯ್ದ. ಕಿಟಕಿಗಳಿಗೆಲ್ಲ ಬಣ್ಣ ಬಳಿದಿತ್ತು. ಒಳಗಿನದ್ದು ಬೀದಿಗೆ ಕಾಣಬಾರದೆಂದು ಇಲ್ಲಿ ಕಾನೂನು, ಎಂದ. ಒಳಗೆ ಸಿಗರೇಟಿನ ಹೊಗೆ. ಕೋಟು ಹಾಕಿದ ಮುದುಕರು ಗೋಡೆಯ ಮೇಲಿನ ಧ್ವನಿವರ್ಧಕಕ್ಕೆ ಮುಖ ಎತ್ತಿ ನಿಂತಿದ್ದರು. ಎಲ್ಲೋ ಓಡುತ್ತಿದ್ದ ಕುದುರೆಗಳು. ಚಿತ್ರವಿಲ್ಲ, ಬರೀ ಧ್ವನಿ. ನನಗೆ ನಗು ತಡೆಯಲಾಗಲಿಲ್ಲ. ಇದು ನಮ್ಮ ತಾರಸಿ! ಎತ್ತರದ ಗೋಡೆ, ಕಾಣದ ಆಟ, ಕಿವಿಗೊಟ್ಟು ನಿಂತ ಜನ. ಬಟ್ಟೆ ಹಗ್ಗ ಒಂದಿಲ್ಲ.

ಬಾಗಿಲು ತೆರೆದಾಗಲೆಲ್ಲ ನನ್ನ ಗಂಡ ನನ್ನಿಂದ ಒಂದು ಗಜ ದೂರ ಸರಿದು ನೆಟ್ಟಗೆ ನಿಲ್ಲುತ್ತಿದ್ದರು. ನಾನು ಮೈಮೇಲಿಲ್ಲದ ಅಬಾಯಾದ ಅಂಚನ್ನು ಸರಿಮಾಡಿಕೊಳ್ಳುತ್ತಿದ್ದೆ. ರಿಯಾದಿನ ಹಾಗೆ ಯಾವ ಧರ್ಮಪೊಲೀಸನೂ ಬರಲಿಲ್ಲ. ನಾನು ಒಂದು ಚೀಟಿ ಬರೆಯುತ್ತೇನೆಂದಾಗ ಇವರು ಕೌಂಟರಿಗೆ ಹೋಗಿ ನಮ್ಮಿಬ್ಬರ ಪಾಸ್‌ಪೋರ್ಟ್ ತೆಗೆದು ಒಳಗೆ ತಳ್ಳಿದರು. ರಿಯಾದಿನಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿ, ತೋರಿಸದೆ ಯಾವ ಕಿಟಕಿಯ ಮುಂದೆಯೂ ನಿಂತು ಅಭ್ಯಾಸವಿರಲಿಲ್ಲ. ಕೌಂಟರಿನ ಹೆಂಗಸು ಅವುಗಳಲ್ಲಿದ್ದ ಫೋಟೋ ನೋಡಿ, ನಮ್ಮನ್ನು ನೋಡಿ, "ಫೋಟೋ ಚೆನ್ನಾಗಿದೆ," ಎಂದು ಹೊರಗೆ ತಳ್ಳಿದಳು. ಒಂದೇ ಪಂದ್ಯದ ಮೇಲೆ ಕಟ್ಟಲಾಗದು, ಇನ್ನೂ ಕೆಲವನ್ನು ಸೇರಿಸಬೇಕು ಎಂದಳು. ಹೆಸರು ಹೇಳಿದರೆ ಬಾಯಿಗೆ ಚೆಂದವಾಗಿದ್ದ ಊರುಗಳನ್ನೆಲ್ಲ ಬರೆದೆ. ಚೀಟಿಯ ಕಾರ್ಬನ್ ಪ್ರತಿ ನನ್ನ ಕೈಚೀಲ ಸೇರಿತು; ಗೆದ್ದಿತೋ ಸೋತಿತೋ, ವಿಚಾರಿಸಲಿಲ್ಲ. ನನ್ನ ನಿಜವಾದ ಪಣ ಬೇರೆ ಕಡೆ ಇತ್ತು.

ಕ್ರೀಡಾಂಗಣದ ಮೆಟ್ಟಿಲು ಹತ್ತಿ ಮೊದಲ ಸಲ ಆ ಹಸಿರನ್ನು ಕಂಡಾಗ ಏನನ್ನಿಸಿತು ಎಂದು ಹೇಳಿದರೆ ಅದು ಆಮೇಲೆ ಕಟ್ಟಿದ್ದಾಗುತ್ತದೆ. ಖಂಡಿತವಾಗಿ ಗೊತ್ತಿರುವುದು ಇಷ್ಟು: ಕಾಲಿಗೆ ಚಳಿ ಹತ್ತಿತ್ತು, ಮತ್ತು ನಾನು ಕೂತ ಕೂಡಲೇ ಕಣ್ಣು ಮುಚ್ಚಿಕೊಂಡೆ.

"ಎಂತ ಅತ್ತಿಗೆ, ಟಿಕೆಟ್ ತೆಗೆದು ನಿದ್ದೆಯಾ?"

"ಸುಮ್ಮನಿರು ವಿಲ್ಲಿ. ಹೊರಗೆ ಹೋಯ್ತು, ಅಲ್ವಾ? ಈಗ ಕಾರ್ನರ್."

ಸ್ವಲ್ಪ ಹೊತ್ತಿನ ಮೇಲೆ, "ಗೋಲು," ಎಂದೆ, ಸುತ್ತಲಿನವರು ಇನ್ನೂ ಏಳುತ್ತಿದ್ದಾಗಲೇ. ವಿಲ್ಲಿ ನನ್ನ ಗಂಡನ ಕಡೆ ತಿರುಗಿ, "ಇವಳಿಗೆ ಇದನ್ನೆಲ್ಲ ಯಾರು ಕಲಿಸಿದ್ದು?" ಎಂದ. ನಾನೇ ಹೇಳಿದೆ: "ಭಟ್ಕಳದ ಜೊಹ್ರಾ." ನನ್ನ ಜೀವನದಲ್ಲಿ ಬಹುಮಾನ, ಪದವಿ ಎಂದು ಹೆಚ್ಚೇನೂ ಬಂದದ್ದಿಲ್ಲ. ಆದರೆ ಸಾವಿರಾರು ಜನ ಕಣ್ಣು ಬಿಟ್ಟು ನೋಡುತ್ತಿದ್ದ ಆಟವನ್ನು ಕಣ್ಣು ಮುಚ್ಚಿ ಓದಿದ ಆ ಮಧ್ಯಾಹ್ನ ನನ್ನ ಎದೆ ಕೋಟಿನ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು.

ಆಗ ಅದು ಬಂತು. ಅರ್ಧ ಕೂಗು, ಮಲಾಜ್‌ನದ್ದೇ, ಎದ್ದು ಕತ್ತರಿಸಿದ ಹಾಗೆ. ತಟ್ಟನೆ ಕಣ್ಣು ಬಿಟ್ಟೆ. ಎದುರು ಮಗ್ಗುಲಿನ ಜನವೆಲ್ಲ ಎದ್ದು ನಿಂತು ಮೇಲೆತ್ತಿದ ಕೈಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ಚೆಂಡು ಬಲೆಯ ಹೊರಗೆ ಉರುಳುತ್ತಿತ್ತು. ಗೆದ್ದೆ!

ಅರ್ಧ ಆಟ ಮುಗಿದಾಗ ನನ್ನ ಕಿವಿ ರಿಯಾದಿನ ಹಾಗೆ ತನ್ನಷ್ಟಕ್ಕೆ ಮಸೀದಿಯ ಬಾಂಗ್‌ಗೆ ಕಾಯಿತು. ಅದು ಬರಲಿಲ್ಲ. ಬದಲಿಗೆ ವಿಲ್ಲಿ ಚಹಾ ತಂದ.

ಗೆದ್ದಾಯಿತಲ್ಲ ಎಂದು ಎರಡನೇ ಅರ್ಧ ಕಣ್ಣು ಬಿಟ್ಟೇ ಕೂತೆ. ಒಬ್ಬ ಓಡಿ ಬಂದು ಹೊಡೆದ, ಚೆಂಡು ಬಲೆಯೊಳಗೇ ಹೋಯಿತು, ಎಲ್ಲರೂ ಹಾರಿದರು; ನಾನೂ ಹಾರಿದೆ. ಅಷ್ಟರಲ್ಲಿ ಗೆರೆಯ ಬದಿ ನಿಂತವನು ಬಾವುಟ ಎತ್ತಿದ್ದ. ಗೋಲು ರದ್ದು. ಈ ಕೂಗು ಹೇಗಿತ್ತು? ಅರ್ಧವೇ? ಮಲಾಜ್‌ನದ್ದೇ? ನನಗೆ ಗೊತ್ತಾಗಲಿಲ್ಲ. ಕಣ್ಣು ನೋಡುತ್ತಿತ್ತು, ಕಿವಿ ಎಲ್ಲಿ ಹೋಗಿತ್ತೋ. ಹಿಂದೆ ಕೂತವನನ್ನು ಇನ್ನೊಮ್ಮೆ ಕೂಗೆಂದು ಕೇಳಲಾಗುತ್ತದೆಯೇ?

ಹಾಗೆ ಅರ್ಧ ಉತ್ತರದೊಂದಿಗೆ ರಿಯಾದಿಗೆ ಮರಳಿದೆ. ಜೊಹ್ರಾ ತಾರಸಿಯಲ್ಲಿ ಹಗ್ಗ ಬಿಚ್ಚುತ್ತಿದ್ದಳು. "ಹೇಳಿ," ಎಂದಳು, ಹೇಗಿದ್ದೀರಿ ಎಂದೂ ಕೇಳದೆ. ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ನಾನು, "ನೀನೇ ಗೆದ್ದದ್ದು," ಎನ್ನುತ್ತೇನೆ, ಮರಳಿಗೆ ಹೋಗುವವಳು ಗೆದ್ದು ಹೋಗಲಿ ಎಂದು. ಇನ್ನೊಂದರಲ್ಲಿ ಕಂಡದ್ದೆಲ್ಲ ಹೇಳುತ್ತೇನೆ, ಅವಳು ಹಗ್ಗ ಸುತ್ತುತ್ತಾ, "ಕಣ್ಣು ಯಾಕೆ ಬಿಟ್ರಿ?" ಎಂದು ಬೈಯುತ್ತಾಳೆ. ಮೊದಲನೆಯದರಲ್ಲಿ ನಾನು ಒಳ್ಳೆಯವಳಾಗಿ ಕಾಣುತ್ತೇನೆ. ಅದಕ್ಕೇ ಅದರ ಮೇಲೆ ನಂಬಿಕೆ ಕಡಿಮೆ.

ಚೀಟಿಯೂ ಸಹಾಯಕ್ಕೆ ಬರುವುದಿಲ್ಲ. ಅದರಲ್ಲಿ ಅವಳ ಬಿರಿಯಾನಿ ಇದೆ, ಅಂದರೆ ಸೋತವಳು ಅವಳು. ಆದರೆ ಅವಳ ಮನೆಯಲ್ಲಿ ಇಂದಿಗೂ ಪ್ರತಿ ಈದ್‌ಗೆ ಸಾನ್ನ ಉಬ್ಬುತ್ತದೆ, ಕಳ್ಳಿಲ್ಲದೆಯೇ.

ಇಷ್ಟನ್ನು ಯೋಚಿಸುತ್ತಲೇ ಬಾಣಲೆಗೆ ತುಪ್ಪ ಹಾಕಿ, ಶಾವಿಗೆ ಸುರಿದು, ಉರಿ ಸಣ್ಣಗೆ ಮಾಡಿ, ಹೊರಕೋಣೆಗೆ ಬಂದು ಜೊಹ್ರಾಗೆ ಫೋನ್ ಮಾಡಿದೆ. ಈಗ ಅವಳು ಭಟ್ಕಳದಲ್ಲಿ, ನಾನು ಮಂಗಳೂರಿನಲ್ಲಿ.

"ಜೊಹ್ರಾ, ಲಂಡನ್ನಿಂದ ಬಂದ ದಿನ ನಾನು ಎಂತ ಹೇಳಿದೆ?"

"ನೀನೇ ಗೆದ್ದದ್ದು ಅಂದ್ರಿ. ಮತ್ತೆ? ಬಾಲ್ ಹೊರಗಿನ ಬಲೆಗೆ ತಾಗಿದ್ದು ಅಂತ ನಾನು ಮೊದಲಿಂದ ಹೇಳ್ತಾ ಇದ್ದೆ ಅಲ್ವಾ?"

"ಅದು ನಾನು ಹೇಳಿದ್ದು ಮಾರಾಯ್ತಿ! ರದ್ದಾದ ಗೋಲು ಅಂದವಳು ನೀನು."

"ಅಯ್ಯಯ್ಯೋ, ಟೀಚರಿಗೆ ಮರೆವು ಸುರುವಾಯ್ತು."

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಟೀವಿಯಿಂದ ಒಂದು ಕೂಗು ಒಡೆಯಿತು. ಯಾವುದೋ ದೇಶದ ಯಾವುದೋ ಪಂದ್ಯ. ಎದ್ದು, ಕತ್ತರಿಸಿದ ಹಾಗೆ ನಿಂತಿತು. ನಾನು ಫೋನನ್ನು ಕಿಟಕಿಯ ಸರಳಿಗೆ ಹಿಡಿದೆ.

"ಅರ್ಧ," ಎಂದಳು ಜೊಹ್ರಾ. ಫೋನಿನಲ್ಲಿ, ಒಂದು ಕೋಣೆ ದಾಟಿ ಬಂದ ಸದ್ದು, ಈ ವಯಸ್ಸಿನಲ್ಲಿ! "ಹೊರಗಿನ ಬಲೆ."

ಎರಡು ಹೆಜ್ಜೆ ಇಟ್ಟರೆ ಪಕ್ಕದ ಮನೆಯ ಟೀವಿ ಕಾಣುತ್ತದೆ. ನಾನು ಇಡಲಿಲ್ಲ. "ಗೋಲೇ ಆಗಿದೆ," ಎಂದೆ. "ರದ್ದು ಮಾಡಿದ್ದಾರೆ."

"ನೀವು ಕಂಡಿದ್ದೀರಾ?"

"ನೀನು ಕಂಡಿದ್ದೀಯಾ?"

ಅಡುಗೆಮನೆಯಿಂದ ವಾಸನೆ ಬಂತು. "ಜೊಹ್ರಾ, ಶಾವಿಗೆ ಸೀದು ಹೋಯ್ತು."

"ಬರೆದು ಕೊಟ್ಟಿದ್ದೆ ಅಲ್ವಾ," ಎಂದಳು.

ಓಡಿ ಒಲೆ ಆರಿಸಿದೆ. ಮತ್ತೆ ಬಂದು ಫೋನನ್ನು ಕಿಟಕಿಗೆ ಹಿಡಿದು, ಕಣ್ಣು ಮುಚ್ಚಿ ನಿಂತೆ. ಆಟ ಇನ್ನೂ ಉಳಿದಿತ್ತು.